ದೋಣಿ ಹೋಗದ ಬೆಳಗುಗಳು

ನನ್ನ ಅತ್ತೆ ತಮ್ಮ ಕಿರಿಯ ಮಗ ಕಡಲುಪಾಲಾದ ಎಂದು ನಂಬಿಕೊಂಡೇ ತೀರಿಹೋದರು. ಅವನು ಬದುಕಿದ್ದ. ಈಗಲೂ ಇದ್ದಾನೆ. ಅವರು ಹಾಗೆ ನಂಬುವಂತೆ ಮಾಡಿದವಳು ನಾನು. ಬೇಕೆಂದು ಮಾಡಿದ್ದಲ್ಲ ಎಂದು ಮುಂದಿನ ವಾಕ್ಯ ಬರೆಯಲು ಹೊರಟಿದ್ದೆ — ಆದರೆ ಆ ಮಾತಿಗೆ ಇಲ್ಲಿ ಜಾಗ ಕೊಡಬಾರದು. ದಿನಾ ಬೆಳಿಗ್ಗೆ ಅವರಿಗೆ ಒಂದು ಸುಳ್ಳು ಹೇಳುತ್ತಿದ್ದೆ. ಅದನ್ನಂತೂ ಬೇಕೆಂದೇ ಹೇಳುತ್ತಿದ್ದೆ.

ನಮ್ಮ ಮಹಿಳಾ ಮಂಡಳಿಯ ಸಂಚಿಕೆಗೆ ನೀವು ನನ್ನಿಂದ ಕೇಳಿದ್ದು ಇದಲ್ಲ ಎಂದು ಗೊತ್ತು. “ಗಿರಿಜಕ್ಕ, ನಿಮ್ಮ ದಿನಚರಿಯ ಬಗ್ಗೆ ಒಂದು ಲೇಖನ ಕೊಡಿ. ಮನೆ, ಹೊಲಿಗೆ, ಆರೋಗ್ಯ ಎಲ್ಲವನ್ನೂ ಹೇಗೆ ತೂಗಿಸಿಕೊಂಡು ಹೋಗುತ್ತೀರಿ, ಅತ್ತೆಯವರನ್ನು ಕಡೆಗಾಲದಲ್ಲಿ ಹೇಗೆ ನೋಡಿಕೊಂಡಿರಿ, ಅದನ್ನೂ ಸೇರಿಸಿ” ಎಂದಿದ್ದಿರಿ. ಸಭೆಗಳಲ್ಲಿ ಈ ವಿಷಯ ಮಾತಾಡಿ ಮಾತಾಡಿ ನನಗೂ ಬಾಯಿಪಾಠ. ನಸುಕಿಗೆ ಏಳುವುದು, ಬಿಸಿನೀರು ಕುಡಿಯುವುದು, ಮನೆ ಏಳುವ ಮೊದಲಿನ ಆ ಹೊತ್ತನ್ನು ನಮಗಾಗಿ ಇಟ್ಟುಕೊಳ್ಳುವುದು. ಅದೆಲ್ಲ ಸುಳ್ಳಲ್ಲ. ಆದರೆ ಆ ಹೊತ್ತು ನನಗೆ ಎಲ್ಲಿಂದ ಬಂತು ಎಂಬುದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ಅತ್ತೆಯನ್ನು ಸೇರಿಸಿ ಎಂದಿರಲ್ಲ — ಸೇರಿಸುತ್ತಿದ್ದೇನೆ.

ನಾನು ಹಟ್ಟಿಯಂಗಡಿ ಕಡೆಯ ಗದ್ದೆಮನೆಯವಳು. ಮದುವೆಯಾಗಿ ಉಪ್ಪುಂದಕ್ಕೆ ಬಂದೆ. ನನ್ನ ಗಂಡ ಕೋಟೇಶ್ವರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚಿದ ಮೇಲೆಯೇ ಮನೆ ಕಾಣುವುದು. ಮೈದುನ ಶೇಖರ ಮಾತ್ರ ಕಡಲಿನವನಾಗಿಯೇ ಉಳಿದ. ರತ್ನಗಿರಿಯ ಒಂದು ದೊಡ್ಡ ಬೋಟಿನಲ್ಲಿ ದುಡಿಯುತ್ತಾನೆ, ಮಳೆಗಾಲದಲ್ಲಿ ಬೋಟುಗಳು ನಿಂತಾಗ ಊರಿಗೆ ಬರುತ್ತಾನೆ. ಇನ್ನು ಅತ್ತೆ, ಊರಿಗೆಲ್ಲ ಮುತ್ತಕ್ಕ. ಪ್ರಾಯವಿಡೀ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಮಾರುವುದನ್ನು ಬಿಟ್ಟ ಮೇಲೂ ಬೆಳಗಾದರೆ ಅವರಿಗೆ ಕಡಲಬದಿಗೆ ಹೋಗಲೇಬೇಕು. ಕೊಳ್ಳಲಿಕ್ಕಲ್ಲ, ಮಾರಲಿಕ್ಕಲ್ಲ. ಸುಮ್ಮನೆ ದೋಣಿ ಬರುವುದನ್ನು ನೋಡಲು. ನೋಡಲು ಎಂದರೂ ಕಣ್ಣಿಗೆ ಪೊರೆ ಬಂದಿತ್ತು, ಕಿವಿಯೂ ಮಂದ. ದೋಣಿ ದಡಕ್ಕೆ ತಾಗಿದ ಮೇಲೆ ಬುಟ್ಟಿಗೆ ಕೈ ಹಾಕಿ ಕಿವಿರು ಬಿಡಿಸಿ, ಹೊಟ್ಟೆ ಒತ್ತಿ, “ಇದ್ ನಿನ್ನೆದ್” ಎಂದೋ “ಇದ್ ಈಗಳಿಂದ್” ಎಂದೋ ಹೇಳಿದರೆ ಅವರ ದಿನ ಶುರುವಾದಂತೆ.

ಒಮ್ಮೆ ಕಡಲ ತಡೆಗೋಡೆಯ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ. ಡಾಕ್ಟರು ಬಿಪಿ ಏರಿದೆ, ಹೊತ್ತುಹೊತ್ತಿಗೆ ಊಟ, ಮಾತ್ರೆ, ನಿದ್ರೆ ಸರಿಯಾಗಿ ಆಗಲಿ ಎಂದರು. ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದೂ ಹೇಳಿದರು. ಅಂದಿನಿಂದ ನಾನೇ ಕೈ ಹಿಡಿದು ಕರೆದುಕೊಂಡು ಹೋಗುವುದಾಯಿತು. ನಮ್ಮ ಮನೆ ಹೆದ್ದಾರಿಯ ಕಡೆಗೆ; ಕಡಲಿಗೆ ತೆಂಗಿನ ತೋಪು ದಾಟಿ ಮರಳಲ್ಲಿ ನಡೆಯಬೇಕು. ಅಲ್ಲಿ ಹೋಗಿ ಕೂತರೆ ಅತ್ತೆ ಬೇಗ ಏಳುವ ಮಾತಿಲ್ಲ.

“ಹ್ವಾಯ್ ಮುತ್ತಕ್ಕ, ಸೊಸಿಯನ್ನ ಕಾವಲಿಗೆ ಕರ್ಕಂಡ್ ಬಂದ್ರ್ಯಾ?” ಎಂದು ಹರಾಜು ಕೂಗುವವನು ಕೇಳುತ್ತಿದ್ದ.

“ಕಾವಲಿಗಲ್ಲ ಮಾರಾಯ, ಕಲ್ಸುಕೆ. ಬಂಗ್ಡೆ ಯಾವ್ದ್, ಬೈಗಿ ಯಾವ್ದ್ ಅಂದೇಳಿ ಇನ್ನೂ ಗೊತ್ತಿಲ್ಲ ಇದ್ಕೆ.”

“ಹಂಗಾರ್ ಮನೆಲ್ ಅಡ್ಗಿ ಯಾರ್ ಮಾಡುದ್?”

“ಮಾಡುದ್ ಇದೇ. ಉಂಬುದ್ ನಮ್ಮ್ ಹಣೆಬರ.”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುತ್ತಾ ಒಳಗೆ — ಮನೆಯಲ್ಲಿ ಹೊಲಿಯದೆ ಬಿದ್ದಿರುವ ರವಿಕೆಗಳ ರಾಶಿ, ನಾಳೆ ಕೊಡುತ್ತೇನೆ ಎಂದು ಹೇಳಿದ್ದ ಶಾಲೆಯ ಯೂನಿಫಾರ್ಮು, ಗಂಡನ ತಿಂಡಿ. ಬಿಸಿಲೇರಿದ ಮೇಲೆ ಮನೆಗೆ ಬಂದು ಮಿಷನ್ನಿನ ಮುಂದೆ ಕೂತರೆ ತಲೆ ಸಿಡಿಯುತ್ತಿತ್ತು. ಯಾವುದೂ ಹೊತ್ತಿಗೆ ಮುಗಿಯುತ್ತಿರಲಿಲ್ಲ. ಮದುವೆಗೆ ಹೊಲಿಸಲು ಕೊಟ್ಟವರು ಬಾಗಿಲಲ್ಲಿ ನಿಂತು, “ಗಿರಿಜಕ್ಕ, ಮದಿ ಕಳ್ದ್ ಮಗು ಹುಟ್ಟುದ್ರೊಳ್ಗಾರೂ ರವ್ಕಿ ಕೊಡ್ತ್ರ್ಯಾ?” ಎಂದು ಹಾಸ್ಯ ಮಾಡುತ್ತಿದ್ದರು.

ಆ ದಿನಗಳಲ್ಲೇ ನಮ್ಮ ಮಂಡಳಿಯಲ್ಲಿ ಒಂದು ಶಿಬಿರ ನಡೆದದ್ದು ನಿಮಗೆ ನೆನಪಿರಬಹುದು. ಬಂದಿದ್ದ ಮೇಡಂ ಬಹಳ ಚೆನ್ನಾಗಿ ಮಾತಾಡಿದರು. ದಿನಕ್ಕೊಂದು ಚೌಕಟ್ಟು ಬೇಕು, ಬೆಳಗಿನ ಹೊತ್ತು ಕೈಯಲ್ಲಿದ್ದರೆ ಇಡೀ ದಿನ ಕೈಯಲ್ಲಿರುತ್ತದೆ ಎಂದರು. ನನ್ನ ಬೆಳಗು ಯಾರ ಕೈಯಲ್ಲಿದೆ ಎಂದು ಯೋಚಿಸುತ್ತಾ ಮನೆಗೆ ಬಂದೆ. ಉತ್ತರ ಜಗಲಿಯಲ್ಲೇ ಕೂತು ಎಲೆಯಡಿಕೆ ಕುಟ್ಟುತ್ತಿತ್ತು.

ಮೊದಲ ದಿನ ನಾನು ಹೇಳಿದ್ದು ನಿಜ. ಅಂದು ಗಾಳಿ ಜೋರಿತ್ತು, ದೋಣಿಗಳು ನೀರಿಗೆ ಇಳಿದಿರಲಿಲ್ಲ. “ಇವತ್ತ್ ದೋಣಿ ಹೋಯ್ಲಿಲ್ಲ ಅತ್ತೆ” ಎಂದೆ. ಅವರು ಸೊಂಟಕ್ಕೆ ಕಟ್ಟಿದ್ದ ಸೆರಗು ಬಿಚ್ಚಿ, ಮತ್ತೆ ಚಾಪೆಯ ಮೇಲೆ ಒರಗಿದರು. ಅಷ್ಟು ಸುಲಭ. ಆ ಬೆಳಗಿನ ತಂಪಿನಲ್ಲಿ ಮಿಷನ್ನು ಹೇಗೆ ಓಡಿತು ಎಂದರೆ — ಆ ಸದ್ದು ಈಗಲೂ ನನ್ನ ಪಾದದಲ್ಲಿದೆ. ಮರುದಿನ ಗಾಳಿ ಇರಲಿಲ್ಲ. ತೋಪಿನಾಚೆ ಇಂಜಿನ್ನಿನ ಸದ್ದು ನನಗೆ ಕೇಳಿಸುತ್ತಿತ್ತು, ಅವರಿಗೆ ಕೇಳಿಸುತ್ತಿರಲಿಲ್ಲ. “ಇವತ್ತೂ ಹೋಯ್ಲಿಲ್ಲ ಅತ್ತೆ” ಎಂದೆ.

ಆಮೇಲೆ ಅದು ಬಿಸಿನೀರು ಕಾಯಿಸಿದಷ್ಟೇ ಸಹಜವಾಯಿತು. ಎದ್ದು, ಮುಖ ತೊಳೆದು, ಒಲೆ ಹಚ್ಚಿ, ಸುಳ್ಳು ಹೇಳಿ, ಹೊಲಿಗೆಗೆ ಕೂರುವುದು.

ಒಂದು ಸುಳ್ಳನ್ನು ಉಳಿಸಿಕೊಳ್ಳಲು ಮನೆಯ ಉಳಿದ ವ್ಯವಸ್ಥೆಯೂ ಬದಲಾಗಬೇಕಲ್ಲ. ದೋಣಿ ಹೋಗದ ಊರಿನಲ್ಲಿ ಹಸಿಮೀನು ಹೇಗೆ ಬಂದೀತು? ತಂದರೆ ಅತ್ತೆಯ ಬೆರಳಿಗೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಹಾಗಾಗಿ ಮೀನು ತರುವುದನ್ನು ನಿಲ್ಲಿಸಿದೆ. ಸೊಪ್ಪು, ಮೊಳಕೆ ಬರಿಸಿದ ಹೆಸರು, ರಾಗಿ ಅಂಬಲಿ — ಶಿಬಿರದಲ್ಲಿ ಹೇಳಿದ್ದೂ ಅದೇ, ನನಗೂ ಅನುಕೂಲ. ಗಂಡ ಮಧ್ಯಾಹ್ನ ಹೋಟೆಲಿನಲ್ಲೇ ಮೀನೂಟ ಮಾಡುವವರು, ಅವರಿಗೆ ತೊಂದರೆಯಾಗಲಿಲ್ಲ. ಸುಳ್ಳಿನ ವಿಷಯ ಅವರಿಗೂ ಗೊತ್ತಿತ್ತು. “ಬಿದ್ದ್ ಕೈಕಾಲ್ ಮುರ್ಕಂಬುದ್ಕಿಂತ ಒಳ್ಳೇದೇ ಅಲ್ದಾ” ಎಂದಿದ್ದರು.

ಶೇಖರ ಫೋನ್ ಮಾಡುತ್ತಿದ್ದುದು ಬೋಟು ದಡ ಸೇರಿದ ದಿನಗಳಲ್ಲಿ, ಸಂಜೆ ಕಳೆದ ಮೇಲೆ. ಅವನ ದನಿ ಕೇಳಿದ ದಿನ ಅತ್ತೆಗೆ ನಿದ್ದೆ ಇಲ್ಲ. ಅವ ಉಂಡನೋ, ಯಾವ ನೀರಿಗೆ ಹೋದನೋ ಎಂದು ಹೊರಳಾಡುತ್ತಿದ್ದರು. ನಿದ್ದೆ ಮುಖ್ಯ ಎಂದಿದ್ದರಲ್ಲ ಡಾಕ್ಟರು — ದೀಪ ಹಚ್ಚುವ ಮುಂಚೆಯೇ ಗಂಜಿ ಕೊಟ್ಟು ಮಲಗಿಸತೊಡಗಿದೆ. ಫೋನ್ ಬಂದರೆ, “ಅಮ್ಮ ಮಲ್ಕಂಡಿದ್ರ್ ಶೇಖರ, ಆರಾಮಿದ್ರ್” ಎನ್ನುತ್ತಿದ್ದೆ. ಬೆಳಿಗ್ಗೆ ಅತ್ತೆ, “ಶೇಖರಂದ್ ಫೋನ್ ಬಂದಿತ್ತಾ?” ಎಂದರೆ, “ಬಂದಿತ್ತ್, ನೀವ್ ಮಲ್ಕಂಡಿದ್ರಿ.” ಅದು ನಿಜವೇ. ಪ್ರತಿ ಸಲವೂ ಅದೇ ಉತ್ತರ, ಅದೇ ದನಿ. ಸ್ವಲ್ಪ ದಿನದಲ್ಲಿ ಅವರು ಕೇಳುವುದನ್ನು ಬಿಟ್ಟರು. ನಾನು — ಹೇಗೆ ಹೇಳಲಿ — ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡೆ.

ಪಕ್ಕದ ಮನೆಯ ಜಲಜಕ್ಕನೊಬ್ಬಳೇ ನನಗೆ ಅಡ್ಡಿ. ಮೀನು ಮಾರುವ ಹೆಂಗಸು, ಅತ್ತೆಯ ಬುಟ್ಟಿಯ ಗೆಳತಿ. ದೋಣಿಯ ಮಾತು ಎತ್ತಬೇಡ ಎಂದು ಅವಳನ್ನು ಕೇಳಿಕೊಂಡಾಗ ನನ್ನನ್ನೇ ನೋಡುತ್ತಾ ನಿಂತಳು.

“ಕಡ್ಲನ್ನೇ ಮುಚ್ಚಿಡ್ತ್ಯಾ ಮಾರಾಯ್ತಿ ನೀನ್? ನಂಗ್ ಸುಳ್ ಹೇಳುಕ್ ಬತ್ತಿಲ್ಲೆ. ಮುತ್ತಕ್ಕನ ಎದ್ರ್ ಕೂಕಂಡ್ರೆ ಸತ್ಯ ತನ್ನಷ್ಟಕ್ಕೇ ಬಾಯಿಂದ ಬೀಳತ್ತ್.”

“ಹಂಗಾರ್ ಸ್ವಲ್ಪ ದಿನ ಬಪ್ಪುದೇ ಬ್ಯಾಡ ಜಲಜಕ್ಕ.”

ಬರಲಿಲ್ಲ. ದಾರಿಯಲ್ಲಿ ಹೋಗುವಾಗಲೂ ನಮ್ಮ ಜಗಲಿಯ ಕಡೆ ನೋಡದೆ ಹೋಗುತ್ತಿದ್ದಳು. ಅತ್ತೆ ಅವಳ ನಡಿಗೆಯನ್ನು ಗುರುತಿಸಿ ಮುಖ ಎತ್ತುತ್ತಿದ್ದರು, ಅವಳು ನಿಲ್ಲದೆ ಹೋದ ಮೇಲೆ ಮುಖ ಇಳಿಸುತ್ತಿದ್ದರು. ಮಿಷನ್ನಿನ ಮುಂದಿನಿಂದ ನನಗೆ ಅದೆಲ್ಲ ಕಾಣುತ್ತಿತ್ತು.

ಈಗ ಒಂದು ವಿಷಯ ಹೇಳಬೇಕು. ನಮ್ಮ ಕೇರಿಯ ಪದ್ಧತಿ. ಕೇರಿಯ ಗಂಡಸೊಬ್ಬ ಎಲ್ಲೇ ಆಗಲಿ ಕಡಲುಪಾಲಾದರೆ, ದೇಹ ಸಿಗುವವರೆಗೆ ಇಲ್ಲಿ ಯಾವ ದೋಣಿಯೂ ನೀರಿಗಿಳಿಯುವುದಿಲ್ಲ. ಆ ಮನೆಯಲ್ಲಿ ಮೀನು ಬೇಯುವುದಿಲ್ಲ. ನೆರೆಯವರಿಗೆ ಎದುರು ಬಂದು ಮಾತಾಡಲು ಧೈರ್ಯ ಸಾಲುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಮದುವೆಯಾಗಿ ಬಂದ ಹೊಸತರಲ್ಲೇ ಒಮ್ಮೆ ಕಣ್ಣಾರೆ ಕಂಡಿದ್ದೆ. ಆದರೆ ನಾನು ಗದ್ದೆಯವಳು. ನೋಡಿ ಗೊತ್ತಿದ್ದ ಸಂಗತಿ ಅದು, ಮೈಗೆ ಗೊತ್ತಿದ್ದದ್ದಲ್ಲ. ಅತ್ತೆಯ ಮೈಗೆ ಗೊತ್ತಿತ್ತು. ದೋಣಿ ಇಲ್ಲ, ಮೀನಿಲ್ಲ, ಮಗನ ಫೋನಿಲ್ಲ, ಗೆಳತಿ ಮುಖ ಕೊಡುವುದಿಲ್ಲ. ನಾನು ನನ್ನ ದಿನಕ್ಕೆ ಒಂದೊಂದಾಗಿ ಕಟ್ಟಿಕೊಂಡದ್ದನ್ನು ಅವರು ಜಗಲಿಯಲ್ಲಿ ಕೂತು ಒಂದೊಂದಾಗಿ ಓದುತ್ತಿದ್ದರು.

ಅತ್ತೆ ಆ ಚಳಿಗಾಲದಲ್ಲಿ ಶಾಂತವಾದರು. ನಿಜ ಹೇಳಬೇಕೆಂದರೆ, ಬಹಳ ಶಾಂತವಾದರು. ಕೊಟ್ಟದ್ದನ್ನು ಉಣ್ಣುತ್ತಿದ್ದರು, ಮಲಗು ಎಂದಾಗ ಮಲಗುತ್ತಿದ್ದರು. ತಲೆಗೆ ಎಣ್ಣೆ ಬೇಡ ಎಂದರು. ಎಲೆಯಡಿಕೆ ಬಿಟ್ಟರು. ಬಿಪಿ ಇಳಿಯಿತು. ಡಾಕ್ಟರು ನನ್ನ ಕಡೆ ತಿರುಗಿ, “ಹೀಗೆ ನೋಡಿಕೊಳ್ಳುವವರು ಎಲ್ಲರಿಗೂ ಸಿಗುವುದಿಲ್ಲ” ಎಂದರು. ನನ್ನ ತಲೆನೋವು ಹೋಗಿತ್ತು. ರವಿಕೆಗಳು ಹೇಳಿದ ದಿನಕ್ಕೆ ಕೊಂಡಿ ಸಮೇತ ಸಿದ್ಧವಾಗುತ್ತಿದ್ದವು. ಆ ಚಳಿಗಾಲದಲ್ಲೇ ನೀವು ನನ್ನನ್ನು ಮೊದಲ ಬಾರಿ ವೇದಿಕೆಗೆ ಕರೆದದ್ದು. ಹಿರಿಯರಿಗೂ ಒಂದು ದಿನಚರಿ ರೂಢಿಸಿದರೆ ಅವರ ಮನಸ್ಸು ತಿಳಿಯಾಗುತ್ತದೆ ಎಂದು ನಾನು ಮೈಕಿನ ಮುಂದೆ ಹೇಳಿದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮನೆಗೆ ಬಂದು ಅದನ್ನು ಅತ್ತೆಗೂ ಹೇಳಿದೆ. ಅವರು, “ಒಳ್ಳೇದಾಯ್ತ್ ಹೆಣ್ಣೇ” ಎಂದು ನನ್ನ ಬೆನ್ನು ಸವರಿದರು. ಆ ಕೈ ಯಾಕೆ ಅಷ್ಟು ಹೊತ್ತು ನನ್ನ ಬೆನ್ನಿನ ಮೇಲೇ ಇತ್ತು ಎಂದು ನಾನು ಕೇಳಿಕೊಳ್ಳಲಿಲ್ಲ.

ಮಾವ ತೀರಿಕೊಂಡ ದಿನ ಬಂತು. ವರ್ಷಕ್ಕೊಮ್ಮೆ ಆ ದಿನ ನಾವು ಒಳಕೋಣೆಯಲ್ಲಿ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಮಾವನಿಗೊಂದು ಎಲೆ, ಅವರ ತಾಯಿಗೊಂದು. ಅಂದು ಮೀನು ಆಗಲೇಬೇಕು. ಗಂಗೊಳ್ಳಿಯಿಂದ ತರಿಸಿದ ಐಸಿನ ಬಂಗಡೆ ಎಂದು ಹೇಳಿ ಅಡುಗೆ ಮಾಡಿದೆ. ಅತ್ತೆ ಮೀನನ್ನು ಮುಟ್ಟಿ ನೋಡಲೂ ಇಲ್ಲ. ಎಲೆ ಹಾಕುವಾಗ ಬಾಗಿಲ ದಾರಂದ ಹಿಡಿದು ನಿಂತಿದ್ದವರು ಹೇಳಿದರು:

“ಇನ್ನೊಂದ್ ಎಲೆ ಹಾಕ್ ಹೆಣ್ಣೇ.”

“ಯಾರಿಗ್ ಅತ್ತೆ? ಮಾವಂಗೊಂದ್, ಅಜ್ಜಿಗೊಂದ್. ಅಷ್ಟೇ ಅಲ್ದಾ?”

“ಹಾಕ್. ಬಂಗ್ಡೆ ತಲೆ ಅದ್ರಗೇ ಬಡ್ಸ್.”

ಬಂಗಡೆಯ ತಲೆಗಾಗಿ ನಮ್ಮ ಮನೆಯಲ್ಲಿ ಜಗಳವಾಡುತ್ತಿದ್ದವನು ಒಬ್ಬನೇ. ಊರಿಗೆ ಬಂದಾಗ ಈಗಲೂ, “ಅತ್ಗೆ, ತಲೆ ಎಲ್ಲಾ ನಂಗೇ” ಎಂದು ಪಾತ್ರೆಗೆ ಕೈ ಹಾಕುವವನು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ನಾನು — ಇನ್ನೊಂದು ಎಲೆ ಹಾಕಿದೆ. ತಲೆಗಳನ್ನು ಬಡಿಸಿದೆ. ಬಾಗಿಲು ಮುಚ್ಚಿದೆ. ಅಂದು ರಾತ್ರಿ ಊಟಕ್ಕೆ ಕೂತ ಗಂಡನಿಗೆ, “ಅತ್ತೆಗೆ ಮರೆವು ಸುರುವಾಯ್ತ್ ಕಾಣಿ” ಎಂದೆ. “ಪ್ರಾಯ ಆಯ್ತಲೆ” ಎಂದರು ಅವರು.

ಬದುಕಿರುವ ಮೈದುನನಿಗೆ ಸತ್ತವರ ಎಲೆ ಹಾಕಿದ್ದು ನನ್ನ ಈ ಕೈ.

ಚಳಿ ಮುಗಿದು ಸೆಕೆ ಶುರುವಾಗುವ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಹೆಚ್ಚೇನೂ ಇರಲಿಲ್ಲ, ಆದರೆ ಬಿಡಲಿಲ್ಲ. ಒಂದು ಮೂರ್ಸಂಜೆ ದೀಪ ಹಚ್ಚಿ ಅವರ ಹತ್ತಿರ ಕೂತಿದ್ದೆ. ಗಂಜಿಯ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, ತೀರಾ ಸಾಮಾನ್ಯ ದನಿಯಲ್ಲಿ ಕೇಳಿದರು:

“ಅವ ಇನ್ನೂ ಸಿಕ್ಲಿಲ್ಯಾ ಹೆಣ್ಣೇ?”

“ಯಾರ್ ಅತ್ತೆ?”

“ಶೇಖರ. ನಂಗ್ ಯಾವತ್ತೋ ಗೊತ್ತಾಯ್ತ್. ಇಷ್ಟ್ ದಿನ ದೋಣಿ ಇಳಿಲಿಲ್ಲ ಅಂದ್ರೆ ಎಂತ ಅಂದೇಳಿ ನಂಗ್ ಗೊತ್ತಿಲ್ದಾ? ನೀ ಒಬ್ಳೇ ಹೊತ್ಕಂಡ್ ತಿರ್ಗುದ್ ಕಂಡ್ ಕೇಂಬುಕ್ ಮನ್ಸ್ ಬರ್ಲಿಲ್ಲ. ನಾ ಅತ್ರೆ ನಿಂಗೂ ತಡ್ಕಂಬುಕ್ ಆಪುದಿಲ್ಲ ಅಂದೇಳಿ ಸುಮ್ನಿದ್ದೆ.”

ನನ್ನನ್ನು ನೋಯಿಸಬಾರದು ಎಂದು ಅವರು ಆ ಚಳಿಗಾಲವಿಡೀ ಅತ್ತಿರಲಿಲ್ಲ. ನಾನು ಅದನ್ನು ಶಾಂತಿ ಎಂದು ಕರೆದು ಮೈಕಿನಲ್ಲಿ ಹೇಳಿ ಬಂದಿದ್ದೆ.

ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ: “ಶೇಖರ ಚಂದ ಮಾಡಿ ಇದ್ದ ಅತ್ತೆ. ಈಗಳೂ ರತ್ನಗಿರಿಯಗೇ ಇದ್ದ. ಎಂತ ಆಯ್ಲಿಲ್ಲ ಅವಂಗೆ.”

ಅವರು ಪೊರೆ ಬಂದ ಕಣ್ಣುಗಳನ್ನು ನನ್ನ ದನಿಯ ಕಡೆ ತಿರುಗಿಸಿದರು. ಒಂದು ಗಳಿಗೆ ಆ ಮುಖದಲ್ಲಿ ಏನೋ — ಹಳೆಯ ಮುತ್ತಕ್ಕ, ಕಿವಿರು ಬಿಡಿಸಿ ನೋಡುವ ಮುತ್ತಕ್ಕ ಎದ್ದು ಕೂತಂತೆ. ಕೇಳಿದರು:

“ಹಂಗಾರ್ ದೋಣಿ ಎಂತಕ್ ಹೋಪುದಿಲ್ಲ?”

ಇದೇ ಆ ಪ್ರಶ್ನೆ. ನಾನು ಇಷ್ಟು ಉದ್ದ ಬರೆದದ್ದು ಇಲ್ಲಿಗೆ ಬರಲು. ದೋಣಿ ದಿನಾ ಹೋಗುತ್ತಿತ್ತು ಅತ್ತೆ, ನಾನೇ ಸುಳ್ಳು ಹೇಳುತ್ತಿದ್ದೆ, ನನ್ನ ಬೆಳಗು ನನಗೆ ಬೇಕಿತ್ತು. ಇಷ್ಟೇ ಹೇಳಬೇಕಿದ್ದದ್ದು. ಹೇಳಿದ್ದರೆ ಅವರಿಗೆ ಮಗ ತಿರುಗಿ ಸಿಗುತ್ತಿದ್ದ. ನನಗೆ ಬೈಯುತ್ತಿದ್ದರು, ಬೈಯಲು ಬೇಕಾದಷ್ಟು ಉಸಿರು ಅವರಲ್ಲಿ ಇನ್ನೂ ಇತ್ತು. ನನಗೆ ಗೊತ್ತಿದ್ದ ಸತ್ಯದಲ್ಲಿ ಅರ್ಧ ಕೊಟ್ಟಿದ್ದೆ. ಉಳಿದರ್ಧವಿಲ್ಲದೆ ಆ ಮೊದಲರ್ಧ ನಿಲ್ಲುವುದಿಲ್ಲ ಎಂದು ನನಗೆ ಅರ್ಥವಾಗಿತ್ತು. ಅರ್ಥವಾದದ್ದು ಆಮೇಲಲ್ಲ, ಆಗಲೇ. ಆದರೂ —

“ಗಾಳಿ ಅತ್ತೆ” ಎಂದೆ.

ಹೊರಗೆ ಎಲೆ ಅಲುಗುತ್ತಿರಲಿಲ್ಲ. ಸೆಕೆಗೆ ಅವರ ಹಣೆಯ ಮೇಲೆ ಬೆವರಿತ್ತು. ಅವರು ನನ್ನ ಕೈ ಹುಡುಕಿ ಹಿಡಿದು ಎರಡು ಸಲ ತಟ್ಟಿದರು. “ಆಯ್ತ್ ಹೆಣ್ಣೇ. ನೀ ಬೇಜಾರ್ ಮಾಡ್ಬ್ಯಾಡ” ಎಂದರು. ಮಗ ಇದ್ದಾನೆ ಎಂಬುದು ಸಾಯುವವರನ್ನು ಸಮಾಧಾನ ಮಾಡುವ ಸುಳ್ಳು ಎಂದು ಅವರಿಗೆ ಖಾತ್ರಿಯಾಗಿತ್ತು. ಮತ್ತೆ ಏನನ್ನೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಶೇಖರನಿಗೆ ಫೋನ್ ಮಾಡಿದೆ. ಬೋಟು ಹೊರಕಡಲಿನಲ್ಲಿತ್ತು, ಸಿಗಲಿಲ್ಲ. ಅವನೇ ದಡ ಸೇರಿ ತಿರುಗಿ ಮಾಡುವ ಹೊತ್ತಿಗೆ ಅತ್ತೆಗೆ ಅರೆ ಎಚ್ಚರ. ಫೋನನ್ನು ಅವರ ಕಿವಿಗೆ ಒತ್ತಿ ಹಿಡಿದೆ. ಆ ಕಡೆಯಿಂದ, “ಅಮ್ಮಾ, ನಾನ್ ಶೇಖರ” ಎಂಬುದು ನನಗೂ ಕೇಳಿಸಿತು. ಅತ್ತೆಯ ಮುಖ ಅರಳಿತು. ಬದುಕಿದ ಮಗನ ದನಿ ಕೇಳಿದ ತಾಯಿಯ ಹಾಗೆ ಅಲ್ಲ. ಮೊದಲೇ ಹೋದವನು ತನ್ನನ್ನು ಕರೆಯಲು ಬಂದ ಎಂಬ ಹಾಗೆ.

“ಅಲ್ಲ್ ನೀರ್ ತಂಪಿತ್ತಾ ಮಗಾ?” ಎಂದು ಕೇಳಿದರು.

“ಎಂತ ನೀರ್ ಅಮ್ಮ?” ಎಂದ ಅವನು. “ಅಮ್ಮ, ಎಂತ ನೀರ್?”

ಆಮೇಲೆ ಅತ್ತೆ ಮಾತಾಡಲೇ ಇಲ್ಲ. ಶೇಖರ ಊರಿಗೆ ತಲುಪಿದಾಗ ಎಲ್ಲ ಮುಗಿದಿತ್ತು. ಬೂದಿಯ ಹತ್ತಿರ ಕೂತು ಅತ್ತ. ಆಮೇಲೆ ನನ್ನ ಮುಂದೆ ಬಂದು, “ಕಡೆಗಾಲಕ್ ಅಮ್ಮನ್ನ ಎಷ್ಟ್ ಚಂದ ಕಂಡ್ಕಂಡ್ರಿ ಅತ್ಗೆ” ಎಂದ. “ಆ ನೀರಿನ ಮಾತ್ ಎಂತ?” ಎಂದೂ ಕೇಳಿದ.

“ಪ್ರಾಯ ಅಲ್ದಾ ಶೇಖರ, ಜ್ವರದಗೆ ಎಂತೋ ಮಾತಾಡ್ತಿದ್ರ್” ಎಂದೆ. ಅತ್ತೆ ಹೋದ ಮೇಲೂ ಈ ಮನೆಯಲ್ಲಿ ನನ್ನ ಸುಳ್ಳು ನಿಲ್ಲಲಿಲ್ಲ, ನೋಡಿ.

ಅದಾಗಿ ಹಲವು ಮಳೆಗಾಲಗಳು ಕಳೆದವು. ನನ್ನ ದಿನಚರಿ ಹಾಗೆಯೇ ಇದೆ. ನಸುಕಿಗೆ ಏಳುತ್ತೇನೆ, ಹೊಲಿಯುತ್ತೇನೆ. ತೋಪಿನಾಚೆ ಇಂಜಿನ್ನಿನ ಸದ್ದಾದಾಗ ಪಾದ ತಾನಾಗಿ ನಿಲ್ಲುತ್ತದೆ, ಸೂಜಿ ಬಟ್ಟೆಯಲ್ಲೇ ನಾಟಿಕೊಂಡಿರುತ್ತದೆ. ಹಿಂದಿನ ಚಾಪೆಯಿಂದ ಯಾರೋ ಎದ್ದು ಕೂತು ಸೆರಗು ಕಟ್ಟಿಕೊಂಡ ಹಾಗೆ. ತಿರುಗಿ ನೋಡುವುದಿಲ್ಲ. ದೋಣಿ ಹೋಯಿತು ಅತ್ತೆ ಎಂದು ಮನಸ್ಸಿನಲ್ಲೇ ಹೇಳುತ್ತೇನೆ. ದಿನಾ ಹೇಳುತ್ತೇನೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಈ ಮಳೆಗಾಲ ಶೇಖರ ಬಂದಾಗ ಅವನ ಮುಖ ನೋಡಿ ಹೆದರಿದೆ. ಕಣ್ಣು ಗುಳಿಬಿದ್ದಿತ್ತು. ಊಟವಾದ ಮೇಲೆ ಜಗಲಿಯಲ್ಲಿ ಕೂತವನು, ಅಣ್ಣ ಮನೆಯಲ್ಲಿಲ್ಲದ್ದನ್ನು ನೋಡಿಕೊಂಡು ಹೇಳಿದ:

“ಅತ್ಗೆ, ನಾ ಕಡ್ಲ್ ಬಿಡುವ ಅಂತ ಇದ್ದೆ.”

“ಬಿಟ್ಟ್ ಎಂತ ಮಾಡ್ತೆ?”

“ಗೊತ್ತಿಲ್ಲೆ. ಬೇರೆ ಕೆಲ್ಸ ಎಂತದೂ ಬತ್ತಿಲ್ಲ ನಂಗೆ. ಆದ್ರೆ ಬಲೆ ಬಿಡುಕ್ ಬಗ್ಗಿದ್ರೆ ಅಮ್ಮ ಕೇಂಡದ್ದೇ ಕಿವಿಗ್ ಬತ್ತ್. ನೀರ್ ತಂಪಿತ್ತಾ ಮಗಾ ಅಂದೇಳಿ. ಅವ್ರಿಗ್ ಎಂತೋ ಕಂಡಿತ್ತ್ ಅತ್ಗೆ. ನಾ ನೀರಗೇ ಹೋಪುದ್ ಅಂದೇಳಿ ಅವ್ರಿಗ್ ಮೊದ್ಲೇ ಕಂಡಿತ್ತ್. ಈಗಳ್ ಕೈ ನಡುಗತ್ತ್. ಒಟ್ಟಿಗಿದ್ದವ್ರೆಲ್ಲ ನೆಗಾಡ್ತ್ರ್.”

ಅವನ ಕೈ ನೋಡಿದೆ. ಬಲೆ ಎಳೆದೆಳೆದು ಹಗ್ಗದಂತಾದ ಕೈ. ನನ್ನ ಸುಳ್ಳಿನ ಕೆಡುಕು ಅತ್ತೆಯ ಜೊತೆಗೆ ಮುಗಿಯಿತು ಎಂದುಕೊಂಡಿದ್ದೆ. ಅದು ಈ ಕೈಯವರೆಗೂ ಬಂದಿತ್ತು.

ಹೇಳಿದೆ. ಮಿಷನ್ನು, ಶಿಬಿರ, ಗಾಳಿಯಿದ್ದ ಮೊದಲ ದಿನ, ಗಾಳಿಯಿಲ್ಲದ ಎರಡನೆಯ ದಿನ. ಬೇಗ ಮಲಗಿಸಿದ್ದು. ಅವನ ಹೆಸರಿನ ಎಲೆ. ಕಡೆಗೆ ಅವರು ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ. ಎಲ್ಲೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಅರ್ಧಕ್ಕೇ ನಿಲ್ಲುತ್ತೇನೆ ಎಂಬ ಭಯವಿತ್ತು. “ಅಮ್ಮಂಗ್ ಎಂತದೂ ಕಂಡಿರ್ಲಿಲ್ಲ ಶೇಖರ. ನಾನೇ ಹಂಗೆ ನಂಬ್ಸಿದ್ದ್” ಎಂದೆ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಿತ್ತು. ಮಳೆ ನಿಂತು ಮಾಡಿನ ನೀರು ತೊಟ್ಟಿಕ್ಕುತ್ತಿತ್ತು. ಅವನು, ಲೆಕ್ಕ ಸರಿ ಇದೆಯೇ ಎಂದು ಕೇಳುವವನ ಹಾಗೆ ಹೇಳಿದ:

“ಹಂಗಾರ್ ಅಮ್ಮ ಹೋಪ ಹೊತ್ತಿಗ್ ನಾ ಸತ್ತಿದ್ದೆ.”

“ಹೌದ್” ಎಂದೆ.

ಬೇರೆ ಮಾತುಗಳು ಗಂಟಲವರೆಗೆ ಬಂದಿದ್ದವು. ಡಾಕ್ಟರು ಹೇಳಿದ್ದು, ಅವರು ಕಲ್ಲಿನ ಮೇಲೆ ಬಿದ್ದದ್ದು, ನನ್ನ ತಲೆನೋವು. ಯಾವುದನ್ನೂ ಆಡಲಿಲ್ಲ. ಅವನು ಎದ್ದು ಚಪ್ಪಲಿ ಹಾಕದೆ ಅಂಗಳಕ್ಕಿಳಿದ. ತೆಂಗಿನ ತೋಪಿನ ಕಡೆಗೆ ನಡೆದ. ಕರೆಯುವ ಹಕ್ಕು ನನಗಿರಲಿಲ್ಲ. ಅವನು ಬರುವವರೆಗೆ ಜಗಲಿಯಲ್ಲೇ ನಿಂತಿರುತ್ತೇನೆ ಎಂದು ಮಾತ್ರ ತೀರ್ಮಾನಿಸಿದೆ, ನಿಂತೆ.